ಈಟಿಯ ವಿಮಾನಯಾನ

ಗಲ್ಫಿನಿಂದ ಊರಿಗೆ ಬರುವವರ ರಟ್ಟಿನ ಪೆಟ್ಟಿಗೆಯನ್ನು ಕಾಣದ ಮಗು ನಮ್ಮ ಕಾಸರಗೋಡು ಸೀಮೆಯಲ್ಲಿ ವಿರಳ. ನಾಲ್ಕು ಸುತ್ತು ಹಗ್ಗ ಬಿಗಿದು, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದ ಆ ಪೆಟ್ಟಿಗೆಯ ತೂಕ ಎಷ್ಟೆಂದು ಕೇಳಿದರೆ ತಂದವರು ಕೂಡಲೇ ಹೇಳಬಲ್ಲರು. ತೂಕ ಹೆಚ್ಚಾದರೆ ಕೌಂಟರಿನಲ್ಲಿ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ತೂಕ ಕಡಿಮೆಯಿದ್ದೂ ಸಾಮಾನಿಗೆ ಹೆಚ್ಚುವರಿ ಹಣ ತೆರಬೇಕಾಗುವ ಸಂದರ್ಭ ಉಂಟು. ಅದನ್ನು ನಾನು ಕಲಿತದ್ದು ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳ ಈಟಿಯಿಂದ.

2022ರಲ್ಲಿ ನಡೆದ ಮಾತು. ಆಕೆ ಆಗ ಕಾಲೇಜಿನಲ್ಲಿದ್ದಳು. ಉತ್ತರ ಭಾರತದ ಒಂದು ಕ್ರೀಡಾಕೂಟಕ್ಕೆ ಆಯ್ಕೆಯಾಗಿದ್ದಳು. ಪರೀಕ್ಷೆ ಮುಗಿಯುವ ದಿನಕ್ಕೂ ಕೂಟದ ದಿನಕ್ಕೂ ನಡುವೆ ಒಂದೇ ದಿನದ ಅಂತರ. ರೈಲಿನಲ್ಲಿ ಹೋದರೆ ಮುಟ್ಟುವಂತಿರಲಿಲ್ಲ. ತಾಯಿ ಬೀಡಿ ಕಟ್ಟುವವರು, ತಂದೆ ಅಡಿಕೆ ತೋಟದ ಕೆಲಸದವರು. ಊರಿನ ಯುವಕ ಮಂಡಲದವರು ಹಣ ಕೂಡಿಸಿ ವಿಮಾನದ ಟಿಕೆಟು ತೆಗೆಸಿದರು. ಟಿಕೆಟು ತೆಗೆದವನು ನಾನು. 15 ಕಿಲೋ ಸಾಮಾನು ಉಚಿತ ಎಂಬುದನ್ನು ಓದಿದೆ. ಅವಳ ಬಟ್ಟೆಬರೆ 8 ಕಿಲೋ, ಕೊಳವೆಯೊಳಗಿನ ಈಟಿ 3 ಕಿಲೋ. ಲೆಕ್ಕ ಸರಿಯಾಗಿಯೇ ಇತ್ತು ಎಂದುಕೊಂಡೆ.

ಕೌಂಟರಿನಲ್ಲಿದ್ದ ಹುಡುಗ ಕೊಳವೆಯನ್ನು ತಕ್ಕಡಿಗೆ ಇಡುವ ಮೊದಲೇ ಟೇಪು ತೆಗೆದು ಅಳೆದ. ಇದು ಅಳತೆ ಮೀರಿದ ಸಾಮಾನು, ಪ್ರತ್ಯೇಕ ಶುಲ್ಕ ಕೊಡಬೇಕು ಎಂದ. ಅವನು ಹೇಳಿದ ಮೊತ್ತ ಟಿಕೆಟಿನ ಅರ್ಧದಷ್ಟಿತ್ತು. ಅಷ್ಟು ಹಣ ನಮ್ಮ ಮೂವರ ಕಿಸೆಯಲ್ಲೂ ಸೇರಿ ಇರಲಿಲ್ಲ.

“ಮಾಷ್ಟ್ರೇ, ತೂಕ ಮೂರೇ ಕಿಲೋ ಅಲ್ವಾ?” ಎಂದು ತಂದೆ ಮೆಲ್ಲನೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗಿ ಬರಿಗೈಯಲ್ಲಿ ವಿಮಾನ ಹತ್ತಿದಳು. ಈಟಿ ತಂದೆಯ ಹೆಗಲ ಮೇಲೆ ಬಸ್ಸಿನಲ್ಲಿ ಮನೆಗೆ ಮರಳಿತು. ಆಕೆ ಅಲ್ಲಿ ಸಂಘಟಕರು ಕೊಟ್ಟ ಈಟಿಯನ್ನೇ ಎಸೆದಳು. ದಿನಾಲೂ ಎಸೆಯುತ್ತಿದ್ದ ದೂರಕ್ಕಿಂತ ಮೂರು ಮೀಟರು ಕಡಿಮೆ ಬಂತು. “ಕೈಗೆ ಕೂಡಲಿಲ್ಲ ಸಾರ್” ಎಂದಳು, ಅಷ್ಟೇ. ಅವಳು ನನ್ನನ್ನು ದೂರಲಿಲ್ಲ. ಆದರೆ ತಪ್ಪು ಕೌಂಟರಿನ ಹುಡುಗನದಲ್ಲ, ಷರತ್ತುಗಳನ್ನು ಪೂರ್ತಿ ಓದದ ನನ್ನದು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತನ್ನು ತರಗತಿಯಲ್ಲಿ ವಿವರಿಸುವವನೇ ಹಾಗೆ ಮಾಡಿದ್ದೆ.

ತಂದೆಯ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ವಿಮಾನವು ಸಾಮಾನನ್ನು ಮೂರು ಬಗೆಯಲ್ಲಿ ಅಳೆಯುತ್ತದೆ. ಮೊದಲನೆಯದು ತೂಕ. ತೂಕ ಹೆಚ್ಚಿದಷ್ಟೂ ಇಂಧನ ಹೆಚ್ಚು ಬೇಕು. ನಮ್ಮ ದೇಶದೊಳಗಿನ ಸಾಮಾನ್ಯ ದರ್ಜೆಯಲ್ಲಿ ಹೆಚ್ಚಿನ ಸಂಸ್ಥೆಗಳು 15 ಕಿಲೋವನ್ನು ಉಚಿತವಾಗಿ ಒಯ್ಯುತ್ತವೆ. ಕೈಚೀಲಕ್ಕೆ ಸಾಧಾರಣವಾಗಿ 7 ಕಿಲೋ. ಇದಲ್ಲದೆ ಒಂದೇ ಪೆಟ್ಟಿಗೆ 32 ಕಿಲೋ ಮೀರಬಾರದು ಎಂಬ ನಿಯಮ ಬಹುತೇಕ ಎಲ್ಲ ಕಡೆಯೂ ಇದೆ. ಹಣ ಕೊಡುತ್ತೇನೆಂದರೂ ಅದಕ್ಕಿಂತ ಭಾರದ ಪೆಟ್ಟಿಗೆಯನ್ನು ಸ್ವೀಕರಿಸುವುದಿಲ್ಲ. ಕಾರಣ ಮನುಷ್ಯನ ಬೆನ್ನು. ನಾವು ಹತ್ತುವ ಸಾಮಾನ್ಯ ವಿಮಾನಗಳ ಹೊಟ್ಟೆಯಲ್ಲಿ ನೆಟ್ಟಗೆ ನಿಲ್ಲುವಷ್ಟು ಎತ್ತರವಿಲ್ಲ. ಹಮಾಲಿಗಳು ಮಂಡಿಯೂರಿ, ಬಾಗಿ, ಒಂದೊಂದೇ ಪೆಟ್ಟಿಗೆಯನ್ನು ಜೋಡಿಸುತ್ತಾರೆ.

ಎರಡನೆಯದು ಅಳತೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಕೂಡಿಸಿದರೆ 158 ಸೆಂಟಿಮೀಟರಿನೊಳಗೆ ಇರಬೇಕೆಂಬುದು ಹೆಚ್ಚಿನ ಸಂಸ್ಥೆಗಳ ಕಟ್ಟಳೆ. ಮಹಿಳೆಯರ ಈಟಿಯ ತೂಕ 600 ಗ್ರಾಂ, ಉದ್ದ 2.20ರಿಂದ 2.30 ಮೀಟರು. ಪುರುಷರದು 800 ಗ್ರಾಂ, 2.60ರಿಂದ 2.70 ಮೀಟರು. ಅಂದರೆ ಉದ್ದವೊಂದೇ ಈ ಕಟ್ಟಳೆಯನ್ನು ದಾಟುತ್ತದೆ. ಸಾಮಾನಿನ ಬಾಗಿಲು ಕಿರಿದು. ಉದ್ದದ ವಸ್ತುವನ್ನು ಒಳಗೆ ತಿರುಗಿಸಿ ಇಡಲು ಎಡೆ ಬೇಕು. 70 ಜನರನ್ನು ಒಯ್ಯುವ ಚಿಕ್ಕ ವಿಮಾನವಾದರೆ ಒಯ್ಯಲಾಗುವುದಿಲ್ಲ ಎಂದು ಹೇಳಿಬಿಡುವುದೂ ಉಂಟು.

ಮೂರನೆಯದು ಜಾಗ. ಯಕ್ಷಗಾನ ಮೇಳದ ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ. ಕಿರೀಟ ಹಗುರ, ಆದರೆ ಅದಕ್ಕೆಂದೇ ಒಂದು ಪೆಟ್ಟಿಗೆ ಬೇಕು. ಸರಕು ಸಾಗಣೆಯಲ್ಲಿ ಇದಕ್ಕೊಂದು ಲೆಕ್ಕ ಇದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಬರುವುದು ಜಾಗದ ತೂಕ. ನಿಜ ತೂಕ ಮತ್ತು ಜಾಗದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. 240 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಈಟಿಯ ಪೆಟ್ಟಿಗೆಯನ್ನು ಹೀಗೆ ಲೆಕ್ಕಹಾಕಿದರೆ ಸುಮಾರು 6 ಕಿಲೋ. 140, 80, 25 ಸೆಂ.ಮೀ.ಗಳ ಸೈಕಲ್ ಪೆಟ್ಟಿಗೆಯಾದರೆ ಸುಮಾರು 47 ಕಿಲೋ! ವಿದ್ಯಾರ್ಥಿಗಳು ಇದನ್ನು ತಾವೇ ಗುಣಿಸಿ ನೋಡಬಹುದು. ಪ್ರಯಾಣಿಕರ ಜೊತೆ ಹೋಗುವ ಸಾಮಾನಿಗೆ ಪ್ರತಿ ಸಂಸ್ಥೆಯೂ ಇದೇ ಸೂತ್ರ ಬಳಸುವುದಿಲ್ಲ. ಅನೇಕರು ಕ್ರೀಡಾ ಸಲಕರಣೆಗೆ ಇಂತಿಷ್ಟೆಂದು ನಿಗದಿ ಮಾಡಿರುತ್ತಾರೆ. ಆದರೂ ಆ ನಿಗದಿಯ ಹಿಂದಿನ ತರ್ಕ ಇದೇ.

ಹಾಗಾದರೆ ನಾವೇನು ಮಾಡಬೇಕು?

ಒಂದು: ಸಲಕರಣೆಯನ್ನು ಒಯ್ಯುವ ಅಗತ್ಯವಿದೆಯೇ ಎಂದು ಸಂಘಟಕರನ್ನು ಮೊದಲು ಕೇಳಬೇಕು. ಈಟಿ, ಗುಂಡು, ಚಕ್ರಗಳನ್ನು ದೊಡ್ಡ ಕೂಟಗಳಲ್ಲಿ ಅವರೇ ಒದಗಿಸುತ್ತಾರೆ. ಸ್ವಂತದ್ದನ್ನು ಬಳಸುವುದಿದ್ದರೆ ಸ್ಪರ್ಧೆಗೆ ಮೊದಲೇ ಒಪ್ಪಿಸಿ ತೂಕ, ಅಳತೆಗಳ ಪರೀಕ್ಷೆ ಮಾಡಿಸಬೇಕು. ಒಯ್ಯುವುದಿಲ್ಲವೆಂದಾದರೆ ಬೇರೆ ಬೇರೆ ಈಟಿಗಳಿಂದ ಎಸೆದು ಕೈಯನ್ನು ಪಳಗಿಸಿಕೊಳ್ಳಬೇಕು.

ಎರಡು: ಟಿಕೆಟು ತೆಗೆಯುವ ಮೊದಲೇ ಸಲಕರಣೆಯನ್ನು ಕಟ್ಟಿ, ಕಟ್ಟಿದ ಮೇಲಿನ ಅಳತೆ, ತೂಕಗಳನ್ನು ಬರೆದಿಟ್ಟುಕೊಳ್ಳಬೇಕು. ಬರಿಯ ಈಟಿಯ ಅಳತೆ ಸಾಲದು. ಆಮೇಲೆ ಸಂಸ್ಥೆಯನ್ನು ವಿಚಾರಿಸಬೇಕು. ನಡುವೆ ವಿಮಾನ ಬದಲಿಸುವುದಿದ್ದರೆ ಎರಡೂ ವಿಮಾನಗಳಲ್ಲಿ ಅದು ಹಿಡಿಸುತ್ತದೆಯೇ ಎಂದು ಕೇಳುವುದನ್ನು ಮರೆಯಬಾರದು. ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಅದರ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಹೋಗಬೇಕು.

ಮೂರು: ಹೆಚ್ಚುವರಿ ಸಾಮಾನಿನ ಶುಲ್ಕವನ್ನು ಮುಂಗಡವಾಗಿ ಕಟ್ಟಿದರೆ ಸಾಮಾನ್ಯವಾಗಿ ಕೌಂಟರಿನ ದರಕ್ಕಿಂತ ಕಡಿಮೆಯಾಗುತ್ತದೆ. ಕೆಲವು ಸಂಸ್ಥೆಗಳು ಗುರುತಿನ ಚೀಟಿ ತೋರಿಸುವ ವಿದ್ಯಾರ್ಥಿಗಳಿಗೆ 10 ಕಿಲೋ ಹೆಚ್ಚುವರಿಯಾಗಿ ಕೊಡುವುದುಂಟು. ಟಿಕೆಟು ತೆಗೆಯುವಾಗಲೇ ಇದನ್ನು ಕೇಳಬೇಕು. ತಂಡವಾಗಿ ಹೋಗುವಾಗ ಎಲ್ಲರ ತೂಕವನ್ನು ಒಟ್ಟಾಗಿ ಲೆಕ್ಕಹಿಡಿಯುವರೇ ಎಂಬುದನ್ನೂ ವಿಚಾರಿಸಬೇಕು.

ನಾಲ್ಕು: ಕ್ರಿಕೆಟ್ ಬ್ಯಾಟು, ಹಾಕಿ ಕೋಲುಗಳನ್ನು ಕೈಯಲ್ಲಿ ಹಿಡಿದು ವಿಮಾನ ಹತ್ತುವಂತಿಲ್ಲ. ಅವನ್ನು ಕೌಂಟರಿನಲ್ಲಿ ಒಪ್ಪಿಸಬೇಕು. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ. ಅದು ಕೈಚೀಲದಲ್ಲೇ ಇರಬೇಕು. ಸೈಕಲಿನ ಪೆಡಲ್ ಬಿಚ್ಚಿ, ಹ್ಯಾಂಡಲನ್ನು ಚಕ್ರದ ನೇರಕ್ಕೆ ತಿರುಗಿಸಿ, ಟಯರಿನ ಗಾಳಿ ತಗ್ಗಿಸಬೇಕು. ಕಾಲ್ಚೆಂಡಿನ ಗಾಳಿ ತೆಗೆದರೆ ಜಾಗ ಉಳಿಯುತ್ತದೆ. ಈಟಿಯ ತುದಿಗೆ ದಪ್ಪ ಬಟ್ಟೆ ಸುತ್ತಿ ಗಟ್ಟಿ ಕೊಳವೆಯಲ್ಲಿ ಹಾಕಬೇಕು. ಸ್ಪರ್ಧೆಯ ಬೂಟು ಮತ್ತು ಸಮವಸ್ತ್ರ ಎಂದೂ ಕೈಚೀಲದಲ್ಲಿರಲಿ. ಪೆಟ್ಟಿಗೆ ತಡವಾದರೂ ಆಟ ನಿಲ್ಲಬಾರದು.

ಐದು: ಒಪ್ಪಿಸುವ ಮೊದಲು ಸಲಕರಣೆಯ ಚಿತ್ರ ತೆಗೆದಿಡಬೇಕು. ಇಳಿದ ಮೇಲೆ ಅದು ಮುರಿದಿದ್ದರೆ ಅಥವಾ ಬಾರದಿದ್ದರೆ, ಸಾಮಾನು ಪಡೆಯುವ ಹಜಾರದಿಂದ ಹೊರಬರುವ ಮೊದಲೇ ಲಿಖಿತ ದೂರು ಕೊಟ್ಟು ರಶೀದಿ ಪಡೆಯಬೇಕು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ 2009ರಲ್ಲಿ ಅದನ್ನು ಸೇರಿತು. ಅದರ ಪ್ರಕಾರ ಹಾನಿಯಾದರೆ ಸಾಮಾನು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದರೆ ಬಂದ 21 ದಿನಗಳೊಳಗೆ ಬರಹದಲ್ಲಿ ದೂರಬೇಕು. ಅವಧಿ ಮೀರಿದರೆ ಹಕ್ಕು ಹೋಗುತ್ತದೆ.

ಇಷ್ಟೆಲ್ಲ ಒಂದು ಕೋಲಿಗಾಗಿಯೇ ಎಂದು ಕೆಲವು ಪಾಲಕರು ಕೇಳಬಹುದು. ಅದಕ್ಕೆ 2008ರ ಬೀಜಿಂಗ್ ಒಲಿಂಪಿಕ್ಸ್ ಉತ್ತರ ಕೊಡುತ್ತದೆ. ಬ್ರೆಜಿಲಿನ ಫಬಿಯಾನಾ ಮುರೇರ್ ಪೋಲ್‌ವಾಲ್ಟ್, ಅಂದರೆ ಕೋಲೂರಿ ಜಿಗಿಯುವ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿದ್ದಳು. ಈ ಆಟದಲ್ಲಿ ಎತ್ತರ ಏರಿದಂತೆ ಹೆಚ್ಚು ಬಿರುಸಾದ ಕೋಲು ಬೇಕು. ಆದ್ದರಿಂದ ಪ್ರತಿಯೊಬ್ಬರೂ ಹಲವು ಕೋಲುಗಳನ್ನು ಒಯ್ಯುತ್ತಾರೆ. ಅವರವರ ಮೈತೂಕಕ್ಕೆ ಹೊಂದುವ ಕೋಲು ಅವರವರದೇ. ಬೇರೆಯವರ ಕೋಲಿನಲ್ಲಿ ಜಿಗಿಯುವುದು ಸುಲಭವಲ್ಲ. ಆಕೆಗೆ ಬೇಕಾದ ಹೊತ್ತಿನಲ್ಲಿ ಒಂದು ಕೋಲು ಕಾಣಲಿಲ್ಲ. ಅದು ತಪ್ಪಿದ್ದು ವಿಮಾನದಲ್ಲಲ್ಲ, ಕ್ರೀಡಾಂಗಣದಲ್ಲೇ. ಆಕೆ ಮೈದಾನವೆಲ್ಲ ಹುಡುಕಿದಳು, ಸ್ಪರ್ಧೆ ಕಾಯಲಿಲ್ಲ. ಕೊನೆಗೆ ಹತ್ತನೆಯ ಸ್ಥಾನ. ವರ್ಷಗಟ್ಟಲೆಯ ಸಾಧನೆ ಒಂದು ಕೋಲಿನ ಮೇಲೆ ನಿಂತಿತ್ತು. ಆಕೆ ಆಟ ಬಿಡಲಿಲ್ಲ. 2011ರಲ್ಲಿ ಕೊರಿಯಾದ ದೇಗುವಿನಲ್ಲಿ 4.85 ಮೀಟರು ಜಿಗಿದು ವಿಶ್ವ ಚಾಂಪಿಯನ್ ಆದಳು.

ನಮ್ಮ ಮಕ್ಕಳು ಇಲ್ಲಿಂದ ರಾಜ್ಯಮಟ್ಟದ ಕೂಟಕ್ಕೆ ಹೋಗಬೇಕಾದರೂ ಇಡೀ ಕೇರಳವನ್ನು ದಾಟಬೇಕು. ಅದು ಹೆಚ್ಚಾಗಿ ರೈಲಿನಲ್ಲೇ. ಅಲ್ಲಿಯೂ ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ 100, 60, 25 ಸೆಂಟಿಮೀಟರುಗಳ ಮಿತಿ ಇದೆ. ಅದನ್ನು ಮೀರಿದ್ದನ್ನು ಬ್ರೇಕ್‌ವ್ಯಾನಿಗೆ ಬುಕ್ ಮಾಡಬೇಕು. ಮಗುವಿಗೆ ಆಟ ಕಲಿಸುವಾಗ ಆಟದ ಸಾಮಾನನ್ನು ಒಯ್ಯುವ ಕ್ರಮವನ್ನೂ ಕಲಿಸಬೇಕಾದುದು ನಮ್ಮ ಕರ್ತವ್ಯ. ಯುವಕ ಮಂಡಲ, ರಕ್ಷಕ-ಶಿಕ್ಷಕ ಸಂಘಗಳು ಟಿಕೆಟಿನ ಹಣ ಕೂಡಿಸುವಾಗ ಸಾಮಾನಿನ ಹಣವನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಂಡರೆ ಯಾವ ತಂದೆಯೂ ಕೌಂಟರಿನ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಗಿ ಬರುವುದಿಲ್ಲ.

ಮರುವರ್ಷ ಆ ಹುಡುಗಿ ಮತ್ತೆ ವಿಮಾನದಲ್ಲಿ ಹೊರಟಳು. ಒಂದು ತಿಂಗಳು ಮೊದಲೇ ಮನೆಯ ಜಗಲಿಯಲ್ಲಿ ಈಟಿಯ ಕೊಳವೆಯನ್ನು ಮಲಗಿಸಿ, ದರ್ಜಿಯ ಟೇಪಿನಿಂದ ತಾನೇ ಅಳೆದು, ಚೀಟಿಯಲ್ಲಿ ಬರೆದು ನನಗೆ ತಂದುಕೊಟ್ಟಳು. ಈ ಬಾರಿ ನಾನು ಷರತ್ತುಗಳನ್ನು ಕೊನೆಯ ಸಾಲಿನವರೆಗೆ ಓದಿದೆ. ಶುಲ್ಕ ಮೊದಲೇ ಕಟ್ಟಿದ್ದೆವು, ಒಪ್ಪಿಗೆಯ ಪತ್ರ ತಂದೆಯ ಕಿಸೆಯಲ್ಲಿತ್ತು. ಕೌಂಟರಿನವರು ಟೇಪು ಹಿಡಿದು ಅಳೆದರು, ಚೀಟಿ ಅಂಟಿಸಿದರು, ಈಟಿ ಒಳಗೆ ಹೋಯಿತು. “ಇಷ್ಟೇಯಾ ಮಾಷ್ಟ್ರೇ?” ಎಂದರು ತಂದೆ.

ಹೌದು, ಇಷ್ಟೇ.