ಮುಸುಕಿನೊಳಗಿನ ಕವಿ: 1991ರ ಹಿಂಸೆ ಮತ್ತು ಸಾಮೂಹಿಕ ಸ್ಮೃತಿ

ಸಾಮೂಹಿಕ ಸ್ಮೃತಿ ಎಂಬುದು ವ್ಯಕ್ತಿಗಳ ನೆನಪುಗಳ ಮೊತ್ತವಲ್ಲ. ಸಮುದಾಯವು ಒದಗಿಸುವ ಚೌಕಟ್ಟುಗಳೊಳಗೆ ಅದು ರೂಪುಗೊಳ್ಳುತ್ತದೆ ಎಂಬುದು ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್‌ನ ಪ್ರತಿಪಾದನೆ. ಕಾವ್ಯವೂ ಅಂಥದೊಂದು ಚೌಕಟ್ಟು. ಆದರೆ ರಾಜಕೀಯ ಹಿಂಸೆಯ ತರುವಾಯ ಕಾವ್ಯವು ನೆನಪನ್ನು ಉಳಿಸಬಲ್ಲುದಾದರೆ, ಕವಿಯ ಹೆಸರು ಅದನ್ನು ಮರೆಸಲೂ ಬಲ್ಲುದು. ಬೆಂಗಳೂರು ದಂಡು ಪ್ರದೇಶದ ಹಲಸೂರು ಈ ದ್ವಂದ್ವಕ್ಕೆ ನಿದರ್ಶನವಾಗಿದೆ.

ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ದೊರೆಯಬೇಕೆಂಬ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಹೊರಬಿದ್ದದ್ದು 1991ರ ಜೂನ್ 25ರಂದು. ಡಿಸೆಂಬರಿನಲ್ಲಿ ಅದು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದ ಬೆನ್ನಿಗೇ, 12 ಮತ್ತು 13ರಂದು ಬೆಂಗಳೂರಿನ ತಮಿಳರ ಮೇಲೆ ಹಲ್ಲೆ, ಲೂಟಿ, ಬೆಂಕಿಯ ದಾಳಿಗಳು ನಡೆದವು. ಜೀವಹಾನಿಯಾಯಿತು, ಸಾವಿರಾರು ಜನ ನಗರವನ್ನು ತೊರೆದರು. ತಮಿಳುನಾಡಿನಲ್ಲಿ ಕನ್ನಡಿಗರೂ ಪ್ರತೀಕಾರಕ್ಕೆ ಗುರಿಯಾದರು. ಅದೇ ವರ್ಷ ಹಲಸೂರು ಕೆರೆಯ ಬಳಿ ನಿಲ್ಲಿಸಲಾಗಿದ್ದ ತಿರುವಳ್ಳುವರ್ ಪ್ರತಿಮೆಯು ವಿರೋಧದ ಕಾರಣದಿಂದ ಸುಮಾರು 18 ವರ್ಷ ಮುಸುಕಿನೊಳಗೇ ಉಳಿಯಿತು. 2009ರ ಆಗಸ್ಟ್ 9ರಂದು ಎಂ. ಕರುಣಾನಿಧಿ ಅದನ್ನು ಅನಾವರಣಗೊಳಿಸಿದರು. ಆಗಸ್ಟ್ 13ರಂದು ಚೆನ್ನೈನ ಅಯನಾವರದಲ್ಲಿ ಬಿ.ಎಸ್. ಯಡಿಯೂರಪ್ಪನವರು ಸರ್ವಜ್ಞನ ಪ್ರತಿಮೆಯನ್ನು ಅನಾವರಣಗೊಳಿಸಿದರು.

ಈ ವಿನಿಮಯಕ್ಕೆ ಆಯ್ಕೆಯಾದ ಕವಿಗಳಿಬ್ಬರೂ ನೀತಿಯನ್ನು ಕಿರುಪದ್ಯದಲ್ಲಿ ಹೇಳಿದವರು ಎಂಬುದನ್ನು ಇಲ್ಲಿ ಗಮನಿಸಬೇಕು. 133 ಅಧಿಕಾರಗಳ 1330 ದ್ವಿಪದಿಗಳ ತಿರುಕ್ಕುರಳ್ ಎಲ್. ಗುಂಡಪ್ಪ ಮೊದಲಾದವರ ಅನುವಾದಗಳ ಮೂಲಕ ಕನ್ನಡಕ್ಕೆ ಬಂದಿದೆ. ಸರ್ವಜ್ಞನ ತ್ರಿಪದಿಗಳು ಬಹುಕಾಲ ಜನರ ಬಾಯಲ್ಲಿ ಉಳಿದು, ಉತ್ತಂಗಿ ಚನ್ನಪ್ಪನವರ ಸಂಗ್ರಹದಿಂದ 1924ರಲ್ಲಿ ಗ್ರಂಥರೂಪವನ್ನು ಪಡೆದವು. ಬಾಯಿಂದ ಬಾಯಿಗೆ, ಭಾಷೆಯಿಂದ ಭಾಷೆಗೆ ಸಾಗುವುದೇ ಇಂಥ ಪದ್ಯಗಳ ಜೀವ. ಪ್ರತಿಮೆಯಾದಾಗ ಕವಿ ಈ ಚಲನೆಯನ್ನು ಕಳೆದುಕೊಂಡು ಒಂದು ಭಾಷಿಕ ಸಮುದಾಯದ ಪ್ರತಿನಿಧಿಯಾಗುತ್ತಾನೆ. ಆತನನ್ನು ಓದದವರೂ ಆತನ ಪರವಾಗಿಯೋ ವಿರುದ್ಧವಾಗಿಯೋ ನಿಲ್ಲುವುದು ಆಗಲೇ ಸಾಧ್ಯವಾಗುತ್ತದೆ. ನಗರದ ಪೂರ್ವಭಾಗದ ವಿಧಾನಸಭಾ ಕ್ಷೇತ್ರವೊಂದು 2008ರ ಚುನಾವಣೆಯಿಂದ ಸರ್ವಜ್ಞನಗರ ಎನಿಸಿಕೊಂಡದ್ದರಲ್ಲೂ ಕವಿನಾಮವು ನಕಾಶೆಯ ಗುರುತಾಗುವ ಪ್ರಕ್ರಿಯೆಯನ್ನು ಕಾಣಬಹುದು.

2009ರ ಸಮಾರಂಭಗಳ ಭಾಷೆ ಸೌಹಾರ್ದದ್ದು. ಅದರ ಮೌಲ್ಯವನ್ನು ಅಲ್ಲಗಳೆಯಲಾಗದು. ಆದರೆ ಸೌಹಾರ್ದವೂ ಶೋಕವೂ ಒಂದೇ ಅಲ್ಲ. ಅನಾವರಣಗೊಂಡದ್ದು ಕವಿಯ ಮುಖವೇ ಹೊರತು 1991ರಲ್ಲಿ ಮನೆಮಠ ಕಳೆದುಕೊಂಡವರ ಅನುಭವವಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿಯ ಹೆಸರಿನಲ್ಲಿಯೇ ನಗರದಲ್ಲಿ ತಮಿಳುನಾಡಿನ ವಾಹನಗಳು ಮತ್ತೆ ಉರಿದವು. ಹೇಳದೆ ಉಳಿದ ನೆನಪು ಎಚ್ಚರಿಕೆಯಾಗಿ ಕೆಲಸ ಮಾಡಲಾರದು ಎಂಬುದನ್ನು ಇದು ಸೂಚಿಸುತ್ತದೆ.

ಆದ್ದರಿಂದ ಕನ್ನಡ ಅಧ್ಯಯನದ ಮುಂದೆ ಎರಡು ಹೊಣೆಗಳಿವೆ. ಮೊದಲನೆಯದು, ಇಬ್ಬರು ಕವಿಗಳನ್ನೂ ತರಗತಿಯಲ್ಲಿ ಅಕ್ಕಪಕ್ಕ ಇಟ್ಟು ಓದುವುದು. ಎರಡನೆಯದು, ಉತ್ತಂಗಿಯವರು ತ್ರಿಪದಿಗಳಿಗಾಗಿ ಊರೂರು ಹುಡುಕಿದ ಶ್ರದ್ಧೆಯಲ್ಲೇ, ಆ ಡಿಸೆಂಬರನ್ನು ಕಂಡ ಕನ್ನಡ, ತಮಿಳು ಕುಟುಂಬಗಳ ಮೌಖಿಕ ನೆನಪುಗಳನ್ನು ದಾಖಲಿಸುವುದು. ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಈಗ ಐವತ್ತನ್ನು ದಾಟಿದ್ದಾರೆ. ಈ ಕಾರ್ಯಕ್ಕಿರುವ ಅವಧಿ ದೀರ್ಘವಲ್ಲ.