ದ್ವೀಪವಾಸಿಗಳ ವಂಶವೂ ವಾಣಿಯೂ

ಹಿರಿಯೂರಿನ ಸುತ್ತಣ ಬಯಲಿನಲ್ಲಿ ಕಾಡುಗೊಲ್ಲರ ಹಟ್ಟಿಗೆ ಹೋದವನು ಕನ್ನಡವನ್ನೂ, ಲಂಬಾಣಿಗಳ ತಾಂಡಾ ಹೊಕ್ಕವನು ರಾಜಸ್ಥಾನದ ನುಡಿಗಳಿಗೆ ನಂಟಾದ ಗೋರ್‌ಬೋಲಿಯನ್ನೂ, ಆಂಧ್ರದ ಗಡಿಯತ್ತ ತಿರುಗಿದವನು ತೆಲುಗನ್ನೂ ಕೇಳುತ್ತಾನೆ. ದ್ವೀಪಗಳಂತೆ ನಿಂತ ಈ ನುಡಿಗಳನ್ನು ಕೇಳಿದಾಗ, ಭಾಷೆ ಬೇರೆಯಾದುದರಿಂದ ವಂಶವೂ ಅಷ್ಟೇ ಬೇರೆಯಾಗಿರಬೇಕೆಂದು ಊಹಿಸುವುದು ಸಹಜವೇ ಸರಿ. ಆದರೆ ಈ ಊಹೆಯನ್ನು ಒರೆಗೆ ಹಚ್ಚುವುದಕ್ಕೆ ನಿಜವಾದ ದ್ವೀಪಗಳಷ್ಟು ಅನುಕೂಲವಾದ ಸ್ಥಳ ಬೇರೊಂದಿಲ್ಲ, ಏಕೆಂದರೆ ಅಲ್ಲಿಗೆ ಪ್ರಾಚೀನರು ಯಾರೇ ಬಂದಿರಲಿ, ದೋಣಿಯೇರಿಯೇ ಬಂದಿರಬೇಕು.

ಆಫ್ರಿಕದ ಮಗ್ಗುಲಲ್ಲಿರುವ ಮಡಗಾಸ್ಕರದ ಭಾಷೆ ದೂರದ ಬೋರ್ನಿಯೋದ ಮಾಅನ್ಯಾನ್ ನುಡಿಯ ಸೋದರಿಯೆಂದು ಭಾಷಾವಿದ್ವಾಂಸ ಓಟ್ಟೊ ಡಾಲ್ 1951ರಲ್ಲಿಯೇ ತೋರಿಸಿದರು. ಅದನ್ನಾಡುವವರಲ್ಲಿಯಾದರೋ ಏಷ್ಯದ ವಂಶದೊಡನೆ ಆಫ್ರಿಕದ ವಂಶವೂ ಧಾರಾಳವಾಗಿ ಬೆರೆತಿದೆ. ಇದಕ್ಕಿಂತ ವಿಸ್ಮಯಕರವಾದುದು ಪೆಸಿಫಿಕ್ ಸಾಗರದ ವನುವಾಟು. ಅಲ್ಲಿಯ ತೇಔಮದ ಸಮಾಧಿಗಳಲ್ಲಿ ದೊರೆತ, ಸುಮಾರು 3000 ವರ್ಷ ಹಳೆಯ ಅಸ್ಥಿಗಳ ಡಿಎನ್‌ಎಯನ್ನು 2016ರಲ್ಲಿ ಓದಿದಾಗ, ಆ ಮೊದಲ ನೆಲಸಿಗರು ತೈವಾನ್, ಫಿಲಿಪ್ಪೀನ್ಸ್‌ಗಳ ಜನರ ಬಂಧುಗಳೆಂದೂ, ಪಾಪುವಾದ ವಂಶಾಂಶ ಅವರಲ್ಲಿ ಬಹುಮಟ್ಟಿಗೆ ಇರಲೇ ಇಲ್ಲವೆಂದೂ ತಿಳಿಯಿತು. ಇಂದಿನ ವನುವಾಟು ಜನರಲ್ಲಿ ಪಾಪುವಾದ ಅಂಶವೇ ಪ್ರಧಾನ. ಪಾಪುವಾ ವಂಶದ ಬಿಸ್ಮಾರ್ಕ್ ದ್ವೀಪಸ್ತೋಮದ ಜನ ಒಂದೇ ದಂಡಾಗಿ ಏರಿಬಾರದೆ, ತಲೆಮಾರುಗಳುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಂದು, ಅಲ್ಲಿಯೇ ಮದುವೆಯಾಗಿ, ಅಲ್ಲಿಯ ಮಾತನ್ನೇ ಕಲಿತು, ಕೊನೆಗೆ ವಂಶವನ್ನು ಮಾರ್ಪಡಿಸಿದರೂ ಭಾಷೆಯನ್ನು ಅಳಿಸಲಿಲ್ಲವೆಂದು ವಿದ್ವಾಂಸರ ತರ್ಕ. ಮುತ್ತಿಗೆ ದಂಡಯಾತ್ರೆಗಳ ಕಥೆ ಕೇಳಿಯೇ ಬೆಳೆದ ಚಿತ್ರದುರ್ಗದ ಸೀಮೆಯವರಿಗೆ ಇದು ತುಸು ಸಪ್ಪೆಯಾಗಿ ತೋರಬಹುದು. ನೂರನ್ನು ಮೀರಿದ ವನುವಾಟುವಿನ ದೇಶೀಯ ನುಡಿಗಳು ಇಂದಿಗೂ ಆ ಮೊದಲ ನೆಲಸಿಗರಿಂದ ಬಂದ ಆಸ್ಟ್ರೋನೇಷ್ಯನ್ ಕುಲದವೇ. ಐದೈದರ ಎಣಿಕೆಯಂತಹ ಕೆಲವು ರೂಢಿಗಳಲ್ಲಿ ಮಾತ್ರ ಪಾಪುವಾದ ಗುರುತನ್ನು ಕೆಲವರು ಕಾಣುತ್ತಾರೆ.

ವಂಶವಾಹಿಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ. ಮಾತಿಗೆ ಈ ಪಾಲುಪಟ್ಟಿಯಿಲ್ಲ: ಮಗು ತಾಯಿಯ ನುಡಿಯನ್ನು ಇಡಿಯಾಗಿ ಹಿಡಿದು ತಂದೆಯದನ್ನು ಇಡಿಯಾಗಿ ಬಿಡಬಹುದು, ಸಂತೆಯ ಸಲುವಾಗಿ ಮೂರನೆಯದೊಂದನ್ನು ಕಲಿಯಬಹುದು.

ವನುವಾಟುವಿಗೆ ವಿಪರೀತವಾದ ದೃಷ್ಟಾಂತ ನಮ್ಮ ನಾಡಿನಲ್ಲಿಯೇ ಇದೆ. ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನ ಸಿದ್ದಿಗಳು ಪೂರ್ವಿಕರ ಆಫ್ರಿಕದ ಭಾಷೆಯನ್ನು ಕಳೆದುಕೊಂಡು, ಕೊಂಕಣಿ ಮರಾಠಿಗಳು ಕೂಡಿದ ಮನೆಮಾತನ್ನೂ ಹೊರಗೆ ಕನ್ನಡವನ್ನೂ ಆಡುತ್ತಾರೆ. ಅವರ ವಂಶದ ಗುರುತು ಮಾತ್ರ ಅಳಿದಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಮೇರೆಗೆ, ಸಿದ್ದಿಗಳಲ್ಲಿ ಬಾಂಟು ಭಾಷಿಕ ಆಫ್ರಿಕನ್ನರ ಅಂಶವೇ ಅಧಿಕ. ಅದರೊಡನೆ ಭಾರತೀಯರದೂ, ಪ್ರಾಯಶಃ ಪೋರ್ಚುಗೀಸರದೂ ಬೆರೆತಿವೆ. ನೆರೆಹೊರೆಯವರೊಡನೆ ಈ ಬೆರಕೆಯಾದುದು ಕಳೆದ ಸುಮಾರು 200 ವರ್ಷಗಳಲ್ಲಿ, ಎಂದರೆ ಎಂಟು ತಲೆಮಾರುಗಳ ಒಳಗೆ, ಎಂದು ಆ ಸಂಶೋಧಕರ ಗಣನೆ.