ಕೊಳವೆಯ ನಿರ್ಧಾರ: ಉಸಿರು ನಿಲ್ಲುವ ಮುನ್ನ

ಮುಂಗಾರು ಇಳಿದು, ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಗದ್ದೆಗಳಲ್ಲಿ ನೇಜಿ ಕೀಳುವ ಕೆಲಸ ಮೊದಲಾಯಿತೆಂದರೆ ಹಾವು ಕಡಿತದ ವಾರ್ತೆಗಳೂ ನಮ್ಮ ಕಚೇರಿಗೆ ಬರತೊಡಗುವುವು. ಅವುಗಳೊಡನೆ ಒಂದು ಮಾತನ್ನೂ ನಾವು ಮೇಲಿಂದ ಮೇಲೆ ಕೇಳುತ್ತಿದ್ದೇವೆ: "ಬಾಯಿಗೆ ಕೊಳವೆ ಹಾಕಿದ ಮೇಲೆ ಮುಗಿಯಿತು, ಹಾಕಿಸಬೇಡಿ." ಈ ಮಾತಿಗೆ ಮರುಳಾಗಿ, ಬದುಕಬಹುದಾದವರ ಪ್ರಾಣವನ್ನು ಕಳೆದುಕೊಳ್ಳುವ ಭಯವುಂಟಾದುದರಿಂದ ಇಂದು ಈ ವಿಷಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಕೊಳವೆ ಹಾಕಿಸಿಕೊಂಡವರಲ್ಲಿ ಮರಣವು ಹೆಚ್ಚೆಂಬುದು ಸುಳ್ಳಲ್ಲ. ಆದರೆ ಕಾರಣವೇನು? ಅತ್ಯಂತ ವಿಷಮಾವಸ್ಥೆಯಲ್ಲಿರುವವರಿಗಷ್ಟೆ ಅದನ್ನು ಹಾಕುವುದು. ಹೊಳೆಯಲ್ಲಿ ನೆರೆ ಬಂದಾಗ ಕಡವಿನ ದೋಣಿಯನ್ನೇರಿದವರು ಹೆಚ್ಚು ಅಪಾಯದಲ್ಲಿದ್ದರೆಂದು ದೋಣಿಯನ್ನೇ ದೂಷಿಸುವುದು ನ್ಯಾಯವೆ? ಕೊಳವೆಯು ಔಷಧವಲ್ಲ, ಔಷಧವು ತನ್ನ ಕೆಲಸವನ್ನು ಮಾಡುವ ತನಕ ರೋಗಿಯನ್ನು ಈ ದಡದಿಂದ ಆ ದಡಕ್ಕೆ ಮುಟ್ಟಿಸುವ ಸಾಧನ.

ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಮೆಕ್ಯೂಅನ್ ಎಂಬವರು ಕುತ್ತಿಗೆಯನ್ನು ಕೊಯ್ಯದೆ ಬಾಯಿಯ ಮೂಲಕವೇ ಶ್ವಾಸನಾಳಕ್ಕೆ ಕೊಳವೆಯನ್ನಿಳಿಸಿ ಶಸ್ತ್ರಕ್ರಿಯೆ ನಡೆಸಿದ್ದು 1878ರಲ್ಲಿ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಪಿಡುಗು ಹಬ್ಬಿ ಉಸಿರಾಟದ ಸ್ನಾಯುಗಳು ಸೋತಾಗ, ವೈದ್ಯ ಇಬ್ಸನ್ ಅವರ ಸಲಹೆಯಂತೆ ಗಂಟಲಿನ ರಂಧ್ರದಿಂದ ಕೊಳವೆಯನ್ನಿಟ್ಟರು. ಸುಮಾರು 1,500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಕೈಯಿಂದ ಗಾಳಿಚೀಲವನ್ನೊತ್ತಿ ರೋಗಿಗಳನ್ನು ಉಳಿಸಿಕೊಂಡರು. ಸಾವಿನ ಪ್ರಮಾಣವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಇಂದಿನ ತೀವ್ರನಿಗಾ ಘಟಕಗಳ ಮೂಲವು ಅಲ್ಲಿದೆ.

ಹಾಗಾದರೆ ಕೊಳವೆಯನ್ನು ಯಾವಾಗ ಹಾಕತಕ್ಕದ್ದು? ವೈದ್ಯರು ತಮ್ಮನ್ನು ಕೇಳಿಕೊಳ್ಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಒಂದು: ಉಸಿರಿನ ದಾರಿ ತೆರೆದಿದೆಯೆ, ಅದನ್ನು ರೋಗಿಯು ತಾನೇ ಕಾಯ್ದುಕೊಳ್ಳಬಲ್ಲನೆ? ಜೊಲ್ಲನ್ನು ನುಂಗಲಾಗದೆ, ವಾಂತಿಯನ್ನು ಕೆಮ್ಮಿ ಹೊರಹಾಕಲಾಗದೆ, ಗೊರಗೊರ ಸದ್ದು ಕೇಳಿಸಿದರೆ ಅದು ಅಪಾಯದ ಕುರುಹು. ಎರಡು: ಗಾಳಿಯ ವಿನಿಮಯ ಸಾಕಷ್ಟಿದೆಯೆ? ಆಮ್ಲಜನಕ ಕೊಟ್ಟರೂ ರಕ್ತದಲ್ಲಿ ಅದು ಏರದಿದ್ದರೆ, ಅಥವಾ ಇಂಗಾಲದ ಡೈಆಕ್ಸೈಡು ಏರುತ್ತ ರೋಗಿಗೆ ಮಂಪರು ಕವಿದರೆ, ಅವನು ಸೋಲುತ್ತಿದ್ದಾನೆಂದು ತಿಳಿಯಬೇಕು. ಏದುಸಿರು ಬಿಡುತ್ತಿದ್ದ ಉಬ್ಬಸದ ರೋಗಿಯು ಇದ್ದಕ್ಕಿದ್ದಂತೆ ಶಾಂತನಾದರೆ ಮನೆಯವರು ಸಂತೋಷಪಡುವರು. ಅನುಭವಿ ವೈದ್ಯನು ಬೆಚ್ಚುವನು. ಮೂರು: ಇನ್ನು ಕೆಲವು ಗಳಿಗೆಗಳಲ್ಲಿ ಏನಾದೀತು? ಬೆಂಕಿಯ ಹೊಗೆಯನ್ನು ಕುಡಿದವನ ಗಂಟಲು ಈಗ ತೆರೆದಿದ್ದರೂ ಬಾವು ಏರಿದ ಬಳಿಕ ಕೊಳವೆಗೆ ಎಡೆಯೇ ಇರದು.

ನಮ್ಮ ಸೀಮೆಯ ಹಾವಿನ ಕಡಿತವೇ ಇದಕ್ಕೆ ಒಳ್ಳೆಯ ಉದಾಹರಣೆ. ಕಟ್ಟುಹಾವು ಸಾಮಾನ್ಯವಾಗಿ ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಬಾವೂ ಕಾಣಿಸದೆ, ಗುರುತೂ ಸಿಕ್ಕದಿರಬಹುದು. ಬೆಳಗಾಗುವಾಗ ಹೊಟ್ಟೆನೋವು, ಬಳಿಕ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ತಲೆಯನ್ನು ದಿಂಬಿನಿಂದ ಎತ್ತಲಾಗುವುದಿಲ್ಲ. ಈ ಕೊನೆಯ ಚಿಹ್ನೆಯು ಎಚ್ಚರಿಕೆಯ ಗಂಟೆ. ಒಂದೇ ಉಸಿರಿನಲ್ಲಿ ರೋಗಿಯಿಂದ ಅಂಕಿಗಳನ್ನೆಣಿಸಿ ನೋಡುವ ಸರಳ ಪರೀಕ್ಷೆಯೂ ಉಂಟು: ಆರೋಗ್ಯವಂತನು 30ನ್ನು ದಾಟಿಯಾನು, ಎಣಿಕೆಯು 20ಕ್ಕಿಂತ ಕೆಳಗೆ ಇಳಿಯುತ್ತ ಬಂದರೆ ತಡಮಾಡಲಾಗದು. ಬೆರಳಿನ ಆಕ್ಸಿಮೀಟರಿನ ಅಂಕೆ ಚೆನ್ನಾಗಿದೆಯೆಂದು ಮೈಮರೆಯಬಾರದು. ಅದು ಕೆಳಗಿಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ವಿಷನಿವಾರಕ ಚುಚ್ಚುಮದ್ದು ಕೊಡಲೇಬೇಕು. ಆದರೆ ಕಟ್ಟುಹಾವಿನ ವಿಷವು ನರದ ತುದಿಗಳನ್ನು ಕೆಡಿಸಿದ ಮೇಲೆ ಮದ್ದು ಆ ಹಾನಿಯನ್ನು ಹಿಂದಕ್ಕೆ ತಾರದು. ನರಗಳು ಚೇತರಿಸುವ ತನಕ ದಿನಗಟ್ಟಲೆ ಉಸಿರಾಡಿಸಬೇಕು. ಕಣ್ಣು ತೆರೆಯದೆ, ಕೈಕಾಲು ಆಡಿಸದೆ ಸತ್ತಂತೆ ಮಲಗಿದ ಇಂತಹ ರೋಗಿಗೆ ಪ್ರಜ್ಞೆಯಿದ್ದು, ಸುತ್ತಲಿನವರ ಮಾತು ಕೇಳಿಸುತ್ತಿರಬಹುದು! "ಸಾಕು, ಮನೆಗೆ ಒಯ್ಯೋಣ" ಎಂಬ ಬಂಧುಗಳ ಮಾತನ್ನು ಅವನು ಕೇಳುತ್ತಿದ್ದಾನೆಂಬುದನ್ನು ನೆನೆದರೆ ಎದೆ ನಡುಗುತ್ತದೆ. ಕೀಟನಾಶಕ ಸೇವಿಸಿದವರಲ್ಲಿಯೂ ಮೊದಲ ಗಂಡಾಂತರ ಕಳೆದು, ಒಂದರಿಂದ ನಾಲ್ಕು ದಿನಗಳಲ್ಲಿ ಕುತ್ತಿಗೆ ಸೋತು ಉಸಿರು ಕೈಕೊಡುವುದುಂಟು. ಬೇಗನೆ ಮನೆಗೆ ಹೊರಡುವ ಆತುರ ಅಲ್ಲಿ ಸಲ್ಲದು.

ಆದರೆ ಕಂಡಕಂಡವರಿಗೆಲ್ಲ ಕೊಳವೆ ಹಾಕತಕ್ಕದ್ದೆಂದು ನಾವು ಹೇಳುತ್ತಿಲ್ಲ. ಹಾಕುವಾಗ ರಕ್ತದೊತ್ತಡ ಕುಸಿಯಬಹುದು, ಕೊಳವೆ ಅನ್ನನಾಳಕ್ಕೆ ಇಳಿಯಬಹುದು, ದಿನಗಳುರುಳಿದಂತೆ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. 1974ರಲ್ಲಿ ಗ್ಲಾಸ್ಗೋದಲ್ಲಿ ರೂಪಿಸಿದ ಪ್ರಜ್ಞಾಮಾಪನದಲ್ಲಿ 8 ಅಥವಾ ಕಡಮೆ ಬಂದರೆ ಕೊಳವೆ ಹಾಕಬೇಕೆಂಬ ಸೂತ್ರವು ಬಹುಕಾಲ ನಡೆದು ಬಂದಿತು. ಫ್ರಾನ್ಸಿನಲ್ಲಿ ವಿಷಪ್ರಾಶನದಿಂದ ಪ್ರಜ್ಞೆ ತಪ್ಪಿದವರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಾದರೋ, ಕೂಡಲೇ ಕೊಳವೆ ಬೇಕಾಗದವರನ್ನು ನಿಕಟವಾಗಿ ಗಮನಿಸುತ್ತ ಕಾದುದರಿಂದ ಹೆಚ್ಚು ಒಳಿತಾಯಿತೆಂದು ತೋರಿಸಿತು. 2020ರ ಕೋವಿಡ್ ಕಾಲದಲ್ಲಿಯೂ ಮೊದಲಿಗೆ ಅವಸರಿಸಿದ ವೈದ್ಯಲೋಕವು ಬಳಿಕ ಕಾದು ನೋಡಲು ಕಲಿತದ್ದನ್ನು ವಾಚಕರು ಬಲ್ಲರು. ಅಂಕೆಯೊಂದೇ ತೀರ್ಪು ಕೊಡದು. ರೋಗ, ಗತಿ, ಕಾವಲು ಇವೆಲ್ಲವನ್ನೂ ತೂಗಬೇಕು.

ಆ ಕಾವಲೇ ನಮ್ಮಲ್ಲಿ ದಾರಿಯ ಮೇಲೆ ತಪ್ಪುತ್ತದೆ. ಮಣಿಪಾಲದ ಆಸ್ಪತ್ರೆಗೆ ಕುಂದಾಪುರದಿಂದ 40 ಕಿಲೋಮೀಟರಿನ ಆಸುಪಾಸು, ಬೈಂದೂರಿನಿಂದ 60ಕ್ಕೂ ಹೆಚ್ಚು. ಮರವಂತೆಯ ಬಳಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಮಧ್ಯದಲ್ಲಿ ಓಡುವ ವಾಹನದಲ್ಲಿ ಉಸಿರು ನಿಂತರೆ ಯಾರು ಗತಿ? ಹೊರಡುವ ಮೊದಲೇ ನಿರ್ಧಾರವಾಗಬೇಕು. ಕೊಳವೆ ಹಾಕಬಲ್ಲವರು ಇಲ್ಲದಿದ್ದರೆ ಮುಖವಾಡ ಮತ್ತು ಗಾಳಿಚೀಲದಿಂದ ಉಸಿರಾಡಿಸುತ್ತ ಒಯ್ಯಬೇಕು. ಇದನ್ನು ತರಬೇತಿ ಪಡೆದ ದಾದಿಯೂ, ಆಂಬುಲೆನ್ಸಿನ ಸಿಬ್ಬಂದಿಯೂ ಮಾಡಬಲ್ಲರು. ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳಿಗೆ ಸಾಧ್ಯವಾದುದು ನಮ್ಮವರಿಗೆ ಅಸಾಧ್ಯವೆ?

2024ರಲ್ಲಿ ಕರ್ನಾಟಕ ಸರಕಾರವು ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿದ್ದು ಸ್ತುತ್ಯ. ಎಣಿಸಿದರೆ ಸಾಲದು. ಹಗಲಿರುಳೂ ಗಾಳಿಚೀಲ ಹಿಡಿಯಬಲ್ಲ ಕೈ, ಕೊಳವೆಯನ್ನಿಳಿಸಬಲ್ಲ ಕೈ, ಅದು ಸರಿಯಾದ ದಾರಿಯಲ್ಲಿದೆಯೆಂದು ತೋರಿಸುವ ಇಂಗಾಲದ ಡೈಆಕ್ಸೈಡು ಮಾಪಕ, ದೊಡ್ಡಾಸ್ಪತ್ರೆಯ ವೈದ್ಯರೊಡನೆ ಆ ಕ್ಷಣವೇ ಮಾತಾಡುವ ಏರ್ಪಾಡು ಇವೆಲ್ಲ ತನ್ನಲ್ಲಿವೆಯೆ ಎಂದು ಪ್ರತಿಯೊಂದು ತಾಲೂಕು ಆಸ್ಪತ್ರೆಯೂ ತನ್ನನ್ನು ಕೇಳಿಕೊಳ್ಳಲಿ; ಕೊರತೆಯಿದ್ದಲ್ಲಿ ಸರಕಾರವು ತುಂಬಲಿ.

ಬಂಧುಗಳಿಗೂ ಒಂದು ಮಾತು. ವಾಸಿಯಾಗದ ರೋಗದ ಕೊನೆಯ ಹಂತದಲ್ಲಿರುವ ಹಿರಿಯರಿಗೆ ಕೊಳವೆ ಬೇಡವೆಂಬುದು ಅವರ ಇಚ್ಛೆಯಾದರೆ ಅದನ್ನು ಗೌರವಿಸತಕ್ಕದ್ದು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಹಕ್ಕನ್ನು ಮನ್ನಿಸಿದೆ. ಆದರೆ ಹಾವು ಕಚ್ಚಿದ ಮೂವತ್ತರ ಕೂಲಿಯಾಳಿನ ಪ್ರಶ್ನೆಯೇ ಬೇರೆ. ಅಲ್ಲಿ "ಹಾಕಬೇಕೆ?" ಎಂದು ವಾದಿಸುತ್ತ ನಿಲ್ಲದೆ, "ಏತಕ್ಕಾಗಿ, ಎಷ್ಟು ದಿನ, ಗುಣವಾಗುವ ಆಸೆಯೆಷ್ಟು?" ಎಂದು ಕೇಳಿರಿ. ವೈದ್ಯರೂ ತಿಳಿಯುವ ಕನ್ನಡದಲ್ಲಿ ಉತ್ತರಿಸಲಿ. ಹೇಳದೆ ಹಾಕಿದ ಕೊಳವೆಯಿಂದ ಸಂಶಯ ಹುಟ್ಟುತ್ತದೆ. ಕೇಳದೆ ನಿರಾಕರಿಸಿದ ಕೊಳವೆಯಿಂದ ಒಂದು ಮನೆ ಅನಾಥವಾಗುತ್ತದೆ.